2147483647: ಆಯ್ಲರ್ ಕಾಲದ ಅವಿಭಾಜ್ಯ ಸಂಖ್ಯೆ ನಮ್ಮ ಸಿಸ್ಟಮ್‌ಗಳ ಕೊನೆ ಮೆಟ್ಟಿಲಾಗಿದ್ದು ಹೇಗೆ

ಅಪಾರ್ಟ್‌ಮೆಂಟ್ ಅಸೋಸಿಯೇಶನ್‌ನ ಮೆಂಬರ್ ಲಿಸ್ಟ್ ಇರ್ಲಿ, ಕಾಲೇಜ್ ಫೆಸ್ಟ್ ರಿಜಿಸ್ಟ್ರೇಶನ್ ಇರ್ಲಿ, ಸಣ್ಣ ಕ್ಲಿನಿಕ್‌ನ ಪೇಷೆಂಟ್ ಲಿಸ್ಟ್ ಇರ್ಲಿ, ಹಳೇ ಡೇಟಾಬೇಸಲ್ಲಿ ಮೊಬೈಲ್ ನಂಬರ್ ಕಾಲಮ್ ತೆಗೆದು ನೋಡಿದ್ರೆ ಕೆಲವು ಸಲ ಎಲ್ಲರ ಹೆಸರಿನ ಮುಂದೇನೂ ಒಂದೇ ನಂಬರ್ ಕೂತಿರತ್ತೆ: 2147483647. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ್ರು ಯಾರೋ ಬೇಕಂತಲೇ ತುಂಬಿರೋ ಸುಳ್ಳು ಡೇಟಾ ಅನ್ಕೋತಾರೆ. ಯಾರೂ ತುಂಬಿಲ್ಲ. ಆ ಕಾಲಮನ್ನ ಇಂಟಿಜರ್, ಅಂದ್ರೆ ಪೂರ್ಣ ಸಂಖ್ಯೆ ಅಂತ ಇಟ್ಟಿದ್ದಾರೆ ಅಷ್ಟೇ. ನಮ್ಮ ದೇಶದ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಶುರುವಾಗೋ ಹತ್ತು ಅಂಕಿ, ಅಂದ್ರೆ ಕಮ್ಮಿ ಅಂದ್ರೂ 600 ಕೋಟಿ, ಸಾಮಾನ್ಯ ಇಂಟಿಜರ್ ಹಿಡಿಯೋದು 214 ಕೋಟಿ 74 ಲಕ್ಷದ 83 ಸಾವಿರದ 647ರ ತನಕ ಮಾತ್ರ. ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರಲ್ಲಿ, ಹಿಡಿಯದ ಡೇಟಾ ಬಂದ್ರೆ ತಡೆಯೋ ಸ್ಟ್ರಿಕ್ಟ್ ಮೋಡ್ ಆಫ್ ಇದ್ರೆ ದೊಡ್ಡ ಸಂಖ್ಯೆ ಬಂದಾಗ ಅದು ಬೇಡ ಅನ್ನಲ್ಲ, ತನ್ನ ಕೈಲಾಗೋ ದೊಡ್ಡ ಸಂಖ್ಯೆ ಇಟ್ಕೊಂಡು ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗತ್ತೆ, ಆ ವಾರ್ನಿಂಗ್ ಯಾರೂ ಓದಲ್ಲ. ಲ್ಯಾಂಡ್‌ಲೈನ್ ಕಾಲದಲ್ಲಿ ಬೆಂಗಳೂರಿನ ಎಂಟಂಕಿ ನಂಬರ್‌ಗೆ ಇದೇ ಕಾಲಮ್ ಆರಾಮಾಗಿ ಸಾಕಾಗ್ತಿತ್ತು, ಯಾಕಂದ್ರೆ ಎಂಟಂಕಿ ಅಂದ್ರೆ ಹತ್ತು ಕೋಟಿಯೊಳಗೇ ಮುಗೀತು. ಮೊಬೈಲ್ ಬಂತು, ಕಾಲಮ್ ಹಾಗೇ ಉಳೀತು, ಹೋದ ನಂಬರ್ ಮತ್ತೆ ಸಿಗಲ್ಲ.

ಈ ಸಂಖ್ಯೆ ಬಗ್ಗೆ ಕನ್ನಡದಲ್ಲಿ ಒಂದ್ಸಲ ಕೂತು ಪೂರ್ತಿ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು. 2038ರ ಸಮಸ್ಯೆ (ಅವತ್ತು ಹಳೇ ಸಿಸ್ಟಮ್‌ಗಳ ಸಮಯದ ಎಣಿಕೆ ಈ ಸಂಖ್ಯೆಗೆ ಮುಟ್ಟಿ ತುಂಬಿಹೋಗತ್ತೆ ಅನ್ನೋದು) ಅಂತ ಆಗಾಗ ಸುದ್ದಿ ಬರತ್ತೆ, ಅದ್ರಲ್ಲಿ ಅರ್ಧ ಹೆದ್ರಿಕೆ ಅರ್ಧ ತಮಾಷೆ ಇರತ್ತೆ, ಸಂಖ್ಯೆ ಬಗ್ಗೆ ಮಾತ್ರ ಯಾರೂ ಮಾತಾಡಲ್ಲ. ನನ್ನ ಪ್ರಕಾರ ವರ್ಷದ ಮೇಲೆ ಕಣ್ಣಿಟ್ಕೊಂಡು ಕೂರೋದೇ ತಪ್ಪು, ನೋಡ್ಬೇಕಿರೋದು ಸಂಖ್ಯೆಯನ್ನ, ಆಮೇಲೆ ಆ ಸಂಖ್ಯೆಯಲ್ಲಿ ನಾವು ಏನನ್ನ ಎಣಿಸ್ತಿದೀವಿ ಅನ್ನೋದನ್ನ.

ಮೊದಲು ಇದು ಎಲ್ಲಿಂದ ಬಂತು ನೋಡೋಣ. 2ನ್ನ 31 ಸಲ ಗುಣಿಸಿ ಒಂದು ಕಳೆದ್ರೆ ಇದು ಬರತ್ತೆ, 2³¹ − 1. ಬೈನರಿಯಲ್ಲಿ, ಅಂದ್ರೆ ಕಂಪ್ಯೂಟರ್ ಬಳಸೋ 0 ಮತ್ತೆ 1 ಅನ್ನೋ ಎರಡೇ ಅಂಕಿಯಲ್ಲಿ (ಒಂದೊಂದಕ್ಕೂ ಬಿಟ್ ಅಂತಾರೆ) ಬರೆದ್ರೆ ಸಾಲಾಗಿ 31 ಒಂದುಗಳು, ಬೇರೇನೂ ಇಲ್ಲ. ಕಂಪ್ಯೂಟರ್ ಒಂದು ಸಂಖ್ಯೆಗೆ 32 ಬಿಟ್ ಜಾಗ ಕೊಟ್ಟು, ಅದ್ರಲ್ಲಿ ಮೊದಲನೇದನ್ನ ಪ್ಲಸ್ಸಾ ಮೈನಸ್ಸಾ ಅಂತ ಹೇಳೋಕೆ ಇಟ್ಕೊಂಡ್ರೆ ಉಳಿಯೋದು 31, ಅಷ್ಟನ್ನೂ ಒಂದರಿಂದ ತುಂಬಿಸಿದ್ರೆ ಇದೇ ಸಂಖ್ಯೆ. ಅಂದ್ರೆ ಇದು ಮಿತಿ ಆಗಿರೋಕೆ ಕಾರಣ 31 ಒಂದುಗಳು. ಇದು ಅವಿಭಾಜ್ಯ ಆಗಿರೋದಕ್ಕೂ ಅದೇ ಆಕಾರ ದಾರಿ ಮಾಡಿಕೊಡತ್ತೆ, ಆದ್ರೆ ಆ ಎರಡನೇ ವಿಷಯ ಅಷ್ಟು ಸುಲಭಕ್ಕೆ ಗೊತ್ತಾಗಿದ್ದಲ್ಲ.

2ರ ಘಾತದಲ್ಲಿ ಒಂದು ಕಮ್ಮಿ ಇರೋ ಅವಿಭಾಜ್ಯ ಸಂಖ್ಯೆಗಳಿಗೆ ಮರ್ಸೆನ್ ಅವಿಭಾಜ್ಯ ಅಂತಾರೆ. 3, 7, 31, 127, 8191, 131071, 524287, ಇದಾದ್ಮೇಲೆ ಎಂಟನೇದು ನಮ್ಮ 2147483647. ಇಟಲಿಯ ಗಣಿತಜ್ಞ ಕಟಾಲ್ಡಿ 1588ರ ಹೊತ್ತಿಗೆ 131071, 524287 ಎರಡನ್ನ ಸರಿಯಾಗಿ ಪರೀಕ್ಷೆ ಮಾಡಿ, ಮುಂದೆ ಘಾತ 23, 29, 31, 37 ಎಲ್ಲಕ್ಕೂ ಅವಿಭಾಜ್ಯವೇ ಬರತ್ತೆ ಅಂದ್ರು, ಅದ್ರಲ್ಲಿ 31 ಒಂದೇ ನಿಜ ಆಯ್ತು. ಫ್ರಾನ್ಸಿನ ಪಾದ್ರಿ ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲೂ 31 ಇತ್ತು, ಪುರಾವೆ ಇರ್ಲಿಲ್ಲ. ಸಾಧಿಸಿ ತೋರಿಸಿದ್ದು ಗಣಿತಜ್ಞ ಆಯ್ಲರ್, 1772ರಲ್ಲಿ, ಇನ್ನೊಬ್ಬ ಗಣಿತಜ್ಞ ಬರ್ನೂಲಿಗೆ ಬರೆದ ಪತ್ರದಲ್ಲಿ, ಆ ಹೊತ್ತಿಗೆ ಅವರ ಎರಡೂ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು.

ಇದನ್ನ ಕೈಯಲ್ಲಿ ಹೇಗೆ ಮಾಡಿದ್ರು ಅನ್ನೋದು ನನಗೆ ಈ ಇಡೀ ಕಥೆಯಲ್ಲೇ ತುಂಬಾ ಇಷ್ಟವಾದ ಭಾಗ, ಸ್ವಲ್ಪ ನಿಧಾನಕ್ಕೆ ಓದಿ. ಒಂದು ಸಂಖ್ಯೆ ಅವಿಭಾಜ್ಯವಾ ಅಂತ ನೋಡೋಕೆ ಅದರ ವರ್ಗಮೂಲದ ತನಕ ಇರೋ ಅವಿಭಾಜ್ಯಗಳಿಂದ ಭಾಗಿಸಿ ನೋಡ್ಬೇಕು, ಇಲ್ಲಿ ವರ್ಗಮೂಲ 46340 ಚಿಲ್ಲರೆ. ಅಲ್ಲಿ ತನಕ ಸಾವಿರಗಟ್ಟಲೆ ಅವಿಭಾಜ್ಯಗಳಿವೆ. ಆಯ್ಲರ್ ಅಷ್ಟನ್ನೂ ಮುಟ್ಲಿಲ್ಲ. ನಮ್ಮ ಸಂಖ್ಯೆಯನ್ನ ಭಾಗಿಸೋ ಒಂದು ಅವಿಭಾಜ್ಯ ಇದೆ ಅಂತ ಇಟ್ಕೊಳ್ಳಿ, ಅದಕ್ಕೆ ಕ ಅನ್ನೋಣ. ಹಾಗಾದ್ರೆ 2³¹ನ್ನ ಕ ಇಂದ ಭಾಗಿಸಿದಾಗ ಶೇಷ 1 ಬರ್ಬೇಕು. ಈಗ 2, 4, 8, 16 ಅಂತ ಒಂದೊಂದೇ ಘಾತ ತಗೊಂಡು ಕ ಇಂದ ಭಾಗಿಸಿ ಶೇಷ ಬರ್ಕೊಂಡು ಹೋದ್ರೆ, ಶೇಷ 1 ಅನ್ನೋದು ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬರತ್ತೆ, ಆ ಅಂತರ 31ನ್ನ ಭಾಗಿಸ್ಲೇಬೇಕು, 31 ತಾನೇ ಅವಿಭಾಜ್ಯ, ಹಾಗಾಗಿ ಅಂತರ 31 ಬಿಟ್ಟು ಬೇರೆ ಆಗೋಕೆ ಆಗಲ್ಲ. ಗಣಿತಜ್ಞ ಫರ್ಮಾ ಹೇಳಿದ್ದ ನಿಯಮದ ಪ್ರಕಾರ 2ರ (ಕ − 1)ನೇ ಘಾತಕ್ಕೂ ಶೇಷ 1 ಬರತ್ತೆ. ಅಂದ್ರೆ ಕ − 1 ಅನ್ನೋದು 31ರ ಮಗ್ಗಿಯಲ್ಲಿ ಇರ್ಲೇಬೇಕು, ಕ ಬೆಸ ಸಂಖ್ಯೆ ಆಗಿರೋದ್ರಿಂದ ಕ − 1 ಸಮ, ಸೋ 62ರ ಮಗ್ಗಿ.

ಇಲ್ಲಿಗೇ ಮುಗೀಲಿಲ್ಲ. 2³¹ಗೆ ಶೇಷ 1 ಅಂದ್ರೆ 2³²ಗೆ ಶೇಷ 2, ಆದ್ರೆ 2³² ಅನ್ನೋದು 2¹⁶ರ ವರ್ಗ. ಅಂದ್ರೆ ಕ ಇಂದ ಭಾಗಿಸಿ ಶೇಷ ನೋಡೋ ಲೆಕ್ಕದಲ್ಲಿ 2 ಅನ್ನೋದು ಒಂದು ಪೂರ್ಣ ವರ್ಗದ ಹಾಗೆ ನಡ್ಕೊಳತ್ತೆ, ಅದು ಸಾಧ್ಯ ಆಗೋದು ಕ ಅನ್ನ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದಾಗ ಮಾತ್ರ. ಎರಡೂ ಷರತ್ತು ಸೇರಿಸಿದ್ರೆ ಕ ಅನ್ನ 248ರಿಂದ ಭಾಗಿಸಿದಾಗ ಶೇಷ 1 ಇಲ್ಲಾ 63. 63 ಮೂರರಿಂದ ಹೋಗತ್ತೆ, ಅದನ್ನ ಬಿಟ್ರೆ ಅಂಥ ಸಂಖ್ಯೆಗಳು 249, 311, 497, 559 ಅಂತ ಹೋಗತ್ತೆ, 46340ರ ಒಳಗೆ ಒಟ್ಟು 372 ಇವೆ, ಅದ್ರಲ್ಲೂ ಅವಿಭಾಜ್ಯ ಅಲ್ಲದ್ದನ್ನ ಬಿಟ್ಬಿಡ್ಬೋದು. 249 ಮೂರರಿಂದ ಹೋಗತ್ತೆ, ಬಿಡಿ. 311 ಅವಿಭಾಜ್ಯ, ಭಾಗಿಸಿ ನೋಡಿ: 6905092 ಸಲ ಹೋಗಿ 35 ಉಳಿಯತ್ತೆ, ಆಗ್ಲಿಲ್ಲ. 497 ಏಳರಿಂದ ಹೋಗತ್ತೆ, 559 ಹದಿಮೂರರಿಂದ ಹೋಗತ್ತೆ. ಹೀಗೇ ಕೊನೇ ತನಕ ಹೋದ್ರೆ ಯಾವುದ್ರಿಂದಾನೂ ಸಮವಾಗಿ ಭಾಗ ಹೋಗಲ್ಲ, ಸಂಖ್ಯೆ ಅವಿಭಾಜ್ಯ. ಆ ಕಾಲಕ್ಕೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಇದೇ, ಮುಂದೆ ಹಲವು ದಶಕ ಇದೇ ದೊಡ್ಡದಾಗಿ ಉಳೀತು. ಸಾವಿರಾರು ಭಾಗಾಕಾರ ಮಾಡೋ ಕೆಲಸವನ್ನ ಯೋಚನೆ ಮಾಡಿ ಒಂದು ನೋಟ್‌ಬುಕ್‌ನಲ್ಲಿ ಮುಗಿಯೋ ಹಾಗೆ ಮಾಡಿದ್ದು, ಇದನ್ನ ನಮ್ಮ ಪಿಯುಸಿ ಮಕ್ಕಳಿಗೆ ಬೋರ್ಡ್ ಮೇಲೆ ಮಾಡಿ ತೋರಿಸ್ಬೇಕು, ಖಂಡಿತ ಅರ್ಥ ಆಗತ್ತೆ.

ಈಗಿನ ವಿಧಾನ ಇನ್ನೂ ಚಿಕ್ಕದು. ಲೂಕಾ ಮತ್ತೆ ಲೆಹ್ಮರ್ ಹೆಸರಿನ ಪರೀಕ್ಷೆ ಇದೆ: 4ರಿಂದ ಶುರು ಮಾಡಿ, ವರ್ಗ ಮಾಡಿ 2 ಕಳೆಯಿರಿ, ಪರೀಕ್ಷೆ ಮಾಡ್ತಿರೋ ಸಂಖ್ಯೆಯಿಂದ ಭಾಗಿಸಿ ಶೇಷ ತಗೊಳ್ಳಿ, ಮತ್ತೆ ಅದೇ. ಘಾತಕ್ಕಿಂತ ಎರಡು ಕಮ್ಮಿ ಸಲ ಮಾಡಿದಾಗ ಸೊನ್ನೆ ಬಂದ್ರೆ ಅವಿಭಾಜ್ಯ. 31ಕ್ಕೆ, ಅಂದ್ರೆ 2⁵ − 1ಕ್ಕೆ ಮಾಡಿ ನೋಡಿ, 4 ಆದ್ಮೇಲೆ 14, ಆಮೇಲೆ 194, ಅದನ್ನ 31ರಿಂದ ಭಾಗಿಸಿದ್ರೆ ಶೇಷ 8, ಮುಂದೆ 64 − 2 = 62, ಶೇಷ ಸೊನ್ನೆ. ಮೂರೇ ಹೆಜ್ಜೆ. ನಮ್ಮ ದೊಡ್ಡ ಸಂಖ್ಯೆಗೆ 29 ಹೆಜ್ಜೆ ಸಾಕು. 2024ರ ಅಕ್ಟೋಬರ್‌ನಲ್ಲಿ ಸಿಕ್ಕಿದ 4,10,24,320 ಅಂಕಿಯ ಮರ್ಸೆನ್ ಅವಿಭಾಜ್ಯವನ್ನ ಖಚಿತ ಮಾಡಿದ್ದೂ ಇದೇ ಪರೀಕ್ಷೆಯಿಂದ. ಮರ್ಸೆನ್ ಆಕಾರ ಇಲ್ಲದ ಸಂಖ್ಯೆಗೂ ಹೊಂದೋ ಹಾಗೆ, ಎಲ್ಲಾ ಸಂಖ್ಯೆಗೂ ಬೇಗ ಮುಗಿಯೋ ಖಚಿತ ಪರೀಕ್ಷೆ ಇದೆ ಅಂತ 2002ರಲ್ಲಿ ಐಐಟಿ ಕಾನ್ಪುರದ ಅಗರ್ವಾಲ್, ಕಯಾಲ್, ಸಕ್ಸೇನಾ ತೋರಿಸಿದ್ರು, ಅವರಲ್ಲಿ ನೀರಜ್ ಕಯಾಲ್ ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೆ ಬಂದ್ರು ಅನ್ನೋದನ್ನ ಇಲ್ಲಿ ಹೇಳಿದ್ರೆ ತಪ್ಪಿಲ್ಲ.

ಇನ್ನೊಂದೆರಡು ಗುಣ ಹೇಳಿ ಮುಂದೆ ಹೋಗ್ತೀನಿ. ಇದರ ಘಾತ 31, ಆ 31 ಕೂಡ ಮರ್ಸೆನ್ ಅವಿಭಾಜ್ಯವೇ, ಹೀಗೆ ಎರಡು ಪದರ ಇರೋ ಅವಿಭಾಜ್ಯಗಳು ಇವತ್ತಿನ ತನಕ ಗೊತ್ತಿರೋದು ನಾಲ್ಕೇ ನಾಲ್ಕು: 7, 127, ನಮ್ಮದು, ಮತ್ತೆ 2¹²⁷ − 1. ಇದನ್ನ 2³⁰ರಿಂದ ಗುಣಿಸಿದ್ರೆ 23,05,84,30,08,13,99,52,128 ಅನ್ನೋ ಪರಿಪೂರ್ಣ ಸಂಖ್ಯೆ ಸಿಗತ್ತೆ, ತನ್ನನ್ನ ಬಿಟ್ಟು ತನ್ನ ಉಳಿದ ಭಾಜಕಗಳನ್ನೆಲ್ಲ ಕೂಡಿದ್ರೆ ತಾನೇ ಬರೋ ಸಂಖ್ಯೆ. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ, ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಯಾರೂ ಹುಡುಕಲ್ಲ, ಇವು ಕುತೂಹಲಕ್ಕಷ್ಟೇ, ಉಪಯೋಗ ಏನಿಲ್ಲ ಅಂತ ಬರೆದ್ರು. 65 ವರ್ಷ ಆಗೋದ್ರೊಳಗೆ ಲೂಕಾ 2¹²⁷ − 1 ಅವಿಭಾಜ್ಯ ಅಂತ ತೋರಿಸಿ ಅದನ್ನ ದಾಟಿ ಹೋದ್ರು. ಉಪಯೋಗದ ವಿಷಯಕ್ಕೆ ಬಂದ್ರೆ, ಕಂಪ್ಯೂಟರಲ್ಲಿ ರ‍್ಯಾಂಡಮ್ ಸಂಖ್ಯೆ ಹುಟ್ಟಿಸೋ ಒಂದು ಹಳೇ ಒಳ್ಳೇ ವಿಧಾನ ನಿಂತಿರೋದೇ ಈ ಸಂಖ್ಯೆ ಅವಿಭಾಜ್ಯ ಅನ್ನೋದ್ರ ಮೇಲೆ. ಯಾವುದೋ ಸಂಖ್ಯೆಯಿಂದ ಶುರು ಮಾಡಿ ಪ್ರತಿ ಸಲ 16807ರಿಂದ, ಅಂದ್ರೆ 7⁵ರಿಂದ ಗುಣಿಸಿ 2147483647ರಿಂದ ಭಾಗಿಸಿ ಶೇಷ ಇಟ್ಕೊಂಡು ಹೋದ್ರೆ, 1ರಿಂದ 2147483646ರ ತನಕ ಪ್ರತಿ ಸಂಖ್ಯೆಯೂ ಒಂದೊಂದೇ ಸಲ ಬಂದು ಆಮೇಲೇ ಮೊದಲಿಂದ ಶುರುವಾಗತ್ತೆ. ಪಾರ್ಕ್ ಮತ್ತೆ ಮಿಲ್ಲರ್ 1988ರಲ್ಲಿ ಇದನ್ನೇ ಕನಿಷ್ಠ ಗುಣಮಟ್ಟ ಅಂತ ಶಿಫಾರಸು ಮಾಡಿದ್ರು, ಇವತ್ತಿಗೂ ಸಿ ಪ್ಲಸ್ ಪ್ಲಸ್ ಲೈಬ್ರರಿಯಲ್ಲಿ ಇದೆ.

ಈಗ ಮಿತಿ ವಿಷಯ. ಮೊದಲೇ ಒಂದು ಮಾತು, ಮಿತಿ ದಾಟಿದಾಗ ಆಗೋ ತೊಂದರೆಗೂ ಇದು ಅವಿಭಾಜ್ಯ ಆಗಿರೋದಕ್ಕೂ ಸಂಬಂಧ ಇಲ್ಲ, ಎರಡನ್ನೂ ಸೇರಿಸಿ ಏನೋ ನಿಗೂಢ ಅನ್ನೋ ಹಾಗೆ ಹಂಚೋ ಫಾರ್ವರ್ಡ್‌ಗಳನ್ನ ನಂಬ್ಬೇಡಿ. 31 ಒಂದುಗಳಿಗೆ ಇನ್ನೊಂದು 1 ಕೂಡಿಸಿದ್ರೆ ಎಲ್ಲಾ ಸೊನ್ನೆ ಆಗಿ, ದಶಕ ಹೋಗಿ ಮೊದಲನೇ ಬಿಟ್‌ನಲ್ಲಿ ಕೂರತ್ತೆ, ಆದ್ರೆ ಆ ಬಿಟ್ ಇರೋದು ಮೈನಸ್ ಅಂತ ಹೇಳೋಕೆ. ಹಾಗಾಗಿ ಮನೆ ನೀರಿನ ಮೀಟರ್ ತುಂಬಿದ್ಮೇಲೆ ಸೊನ್ನೆಗೆ ಬಂದ ಹಾಗೆ ಇದು ಸೊನ್ನೆಗೆ ಬರಲ್ಲ, ಸಾಮಾನ್ಯವಾಗಿ ಒಂದೇ ಏಟಿಗೆ ಮೈನಸ್ 2147483648ಕ್ಕೆ ಹೋಗತ್ತೆ. ಮೈಎಸ್‌ಕ್ಯೂಎಲ್ ತರ ಕೆಲವು ಕಡೆ ಅಲ್ಲೇ ಅಂಟ್ಕೊಂಡು ನಿಂತ್ಬಿಡತ್ತೆ, ಕೆಲವು ಕಡೆ ಎರರ್ ಕೊಟ್ಟು ನಿಲ್ಲತ್ತೆ. ಮೂರರಲ್ಲಿ ಎರರ್ ಕೊಡೋದೇ ಒಳ್ಳೇದು, ಯಾಕಂದ್ರೆ ಅದು ಕಣ್ಣಿಗೆ ಕಾಣತ್ತೆ.

ನಾನು ಎಲ್ಲಕ್ಕಿಂತ ಒತ್ತಿ ಹೇಳ್ಬೇಕಂತಿರೋದು ಯೂನಿಟ್ ಬಗ್ಗೆ. ಸಂಖ್ಯೆ ಒಂದೇ, ಅದ್ರಲ್ಲಿ ಏನು ಎಣಿಸ್ತೀರಿ ಅನ್ನೋದ್ರ ಮೇಲೆ ಮಿತಿ ಯಾವಾಗ ಬರತ್ತೆ ಅನ್ನೋದು ನಿಂತಿದೆ. ಮಿಲಿಸೆಕೆಂಡ್ ಎಣಿಸಿದ್ರೆ 24 ದಿನ 20 ಗಂಟೆ 31 ನಿಮಿಷಕ್ಕೆ ಮುಗೀತು. ಬ್ರೌಸರಲ್ಲಿ ಟೈಮರ್ ಇಡೋವಾಗ ಒಂದು ತಿಂಗಳಾದ್ಮೇಲೆ ಓಡ್ಲಿ ಅಂತ ಮಿಲಿಸೆಕೆಂಡ್ ಕೊಟ್ರೆ ಅದು ಮಿತಿ ದಾಟಿ ತಕ್ಷಣಾನೇ ಓಡ್ಬಿಡತ್ತೆ, ಇದ್ರಿಂದ ತಲೆ ಕೆಡಿಸ್ಕೊಂಡ ವೆಬ್ ಡೆವಲಪರ್‌ಗಳು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಸೆಕೆಂಡಿನ ನೂರನೇ ಒಂದು ಭಾಗ ಎಣಿಸಿದ್ರೆ 248 ದಿನ ಚಿಲ್ಲರೆ. 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಬೋಯಿಂಗ್ 787ಗೆ ಒಂದು ಆದೇಶ ಹೊರಡಿಸ್ತು, 248 ದಿನ ಬಿಡದೇ ಪವರ್ ಆನ್ ಇದ್ರೆ ಜನರೇಟರ್ ಕಂಟ್ರೋಲ್ ಯೂನಿಟ್‌ನ ಕೌಂಟರ್ ಓವರ್‌ಫ್ಲೋ ಆಗಿ ವಿಮಾನದ ಎಸಿ (ಆಲ್ಟರ್ನೇಟಿಂಗ್ ಕರೆಂಟ್) ಪವರ್ ಪೂರ್ತಿ ಹೋಗ್ಬೋದು, ಹಾಗಾಗಿ ಆಗಾಗ ಪವರ್ ಆಫ್ ಮಾಡಿ ಅಂತ. ಆದೇಶದಲ್ಲಿ ಇರೋದು ದಿನದ ಲೆಕ್ಕ, ನೀವೇ 2147483647ನ್ನ ನೂರರಿಂದ, ಆಮೇಲೆ 86400ರಿಂದ ಭಾಗಿಸಿ ನೋಡಿ, 248.55 ಬರತ್ತೆ. (ಮೇಲೆ ಆಯ್ಲರ್ ಲೆಕ್ಕದಲ್ಲೂ 248 ಬಂತಲ್ಲ, ಅದು 8 × 31ರಿಂದ ಬಂದಿದ್ದು, ಇದಕ್ಕೂ ಅದಕ್ಕೂ ನಂಟಿಲ್ಲ, ಬರೀ ಕಾಕತಾಳೀಯ.)

ಪೈಸೆ ಎಣಿಸಿದ್ರೆ? ಪೇಮೆಂಟ್ ಸಾಫ್ಟ್‌ವೇರ್ ಬರೆಯೋರು ರೂಪಾಯಿಯನ್ನ ದಶಮಾಂಶದಲ್ಲಿ ಇಡಲ್ಲ, ಪೈಸೆ ಲೆಕ್ಕದಲ್ಲಿ ಪೂರ್ಣಾಂಕ ಮಾಡಿ ಇಡ್ತಾರೆ, ಅದು ಒಳ್ಳೇ ಅಭ್ಯಾಸ. ಆದ್ರೆ 32 ಬಿಟ್‌ನಲ್ಲಿ ಇಟ್ರೆ ಮಿತಿ 2,14,74,836 ರೂಪಾಯಿ 47 ಪೈಸೆ. ಎರಡು ಕೋಟಿ ಹದಿನಾಲ್ಕು ಲಕ್ಷ! ಇದು ದೊಡ್ಡ ಮೊತ್ತ ಅನ್ಸಿದ್ದ ಕಾಲ ಇತ್ತು, ಇವತ್ತು ವೈಟ್‌ಫೀಲ್ಡ್ ಕಡೆ ಒಳ್ಳೇ ಮೂರು ಬೆಡ್‌ರೂಮ್ ಫ್ಲ್ಯಾಟ್ ನೋಡೋಕೆ ಹೋದೋರಿಗೆ ಗೊತ್ತು. ಅಪಾರ್ಟ್‌ಮೆಂಟ್ ಅಸೋಸಿಯೇಶನ್‌ನ ಒಂದು ವರ್ಷದ ಮೇಂಟೆನೆನ್ಸ್ ಕಲೆಕ್ಷನ್ ಕೂಡ ದೊಡ್ಡ ಕಾಂಪ್ಲೆಕ್ಸ್ ಆದ್ರೆ ಇದನ್ನ ದಾಟತ್ತೆ. ಒಂದೊಂದು ಬಿಲ್ ಸರಿಯಾಗೇ ಬರತ್ತೆ, ಒಟ್ಟು ಮಾಡಿದಾಗ ಮಾತ್ರ ಮೈನಸ್ ಬರತ್ತೆ, ಟೆಸ್ಟ್ ಮಾಡೋವಾಗ ಸಣ್ಣ ಮೊತ್ತ ಹಾಕಿ ನೋಡಿರೋದ್ರಿಂದ ಸಿಕ್ಕಿರಲ್ಲ.

ಸೆಕೆಂಡ್ ಎಣಿಸಿದ್ರೆ 68 ವರ್ಷ. ಇದೇ ಆ ಪ್ರಸಿದ್ಧ 2038. ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಬಳಸೋ ಸಿಸ್ಟಮ್‌ಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಆಯ್ತು ಅಂತ ಎಣಿಸಿ ಸಮಯ ಇಟ್ಕೋತವೆ. ಶುರುವಲ್ಲಿ ಸೆಕೆಂಡ್ ಕೂಡ ಅಲ್ಲ, ಸೆಕೆಂಡಿನ 60ನೇ ಒಂದು ಭಾಗ ಎಣಿಸ್ತಿದ್ರು, 32 ಬಿಟ್ ಪೂರ್ತಿ ಬಳಸಿದ್ರೂ ಎರಡೂಕಾಲು ವರ್ಷಕ್ಕೆ ತುಂಬಿ ಹೋಗ್ತಿತ್ತು, ಹಾಗಾಗಿ ಸೆಕೆಂಡ್‌ಗೆ ಬದಲಾಯಿಸಿದ್ರು. ಯೂನಿಟ್ ಬದಲಾಯಿಸಿ ಮಿತಿಯನ್ನ ಮುಂದೆ ತಳ್ಳಿದ್ದು ಹೀಗೆ. 2147483647 ಸೆಕೆಂಡ್ ಅಂದ್ರೆ 24855 ದಿನ, 3 ಗಂಟೆ, 14 ನಿಮಿಷ, 7 ಸೆಕೆಂಡ್. ನಮ್ಮ ಸಮಯದಲ್ಲಿ 2038ರ ಜನವರಿ 19, ಮಂಗಳವಾರ, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಅದರ ಮುಂದಿನ ಸೆಕೆಂಡ್ ಸರಿ ಮಾಡದ ಸಿಸ್ಟಮ್‌ಗೆ 1901ರ ಡಿಸೆಂಬರ್ ಆಗಿ ಕಾಣತ್ತೆ. ಅಮೆರಿಕದಲ್ಲಿ ಆಗ ಸೋಮವಾರ ಸಂಜೆ, ರಾತ್ರಿ, ಯೂರೋಪಲ್ಲಿ ಬೆಳಗಿನ ಜಾವ. ಬೆಂಗಳೂರಲ್ಲಿ ಮಾತ್ರ ಔಟರ್ ರಿಂಗ್ ರೋಡ್ ತುಂಬಿರೋ ಹೊತ್ತು, ಬ್ಯಾಂಕ್ ಆಸ್ಪತ್ರೆ ಕಾರ್ಖಾನೆ ಎಲ್ಲಾ ಬಾಗಿಲು ತೆಗೀತಿರೋ ಹೊತ್ತು, ಪ್ರಪಂಚದ ಅರ್ಧಕ್ಕೆ ಸಪೋರ್ಟ್ ಕೊಡೋ ಇಂಜಿನಿಯರ್‌ಗಳು ಇನ್ನೂ ಲಾಗಿನ್ ಆಗ್ತಿರೋ ಹೊತ್ತು. ಇದನ್ನ ಬೇರೆ ಊರಿನೋರಿಗಿಂತ ನಾವು ಹೆಚ್ಚು ಗಮನ ಕೊಟ್ಟು ನೋಡ್ಬೇಕು ಅನ್ನೋಕೆ ಇದೂ ಒಂದು ಕಾರಣ.

ಆದ್ರೆ ಆ ಬೆಳಗ್ಗೆ ತನಕ ಕಾಯ್ಬೇಕಿಲ್ಲ, ಇದು ಈಗಾಗ್ಲೇ ನಡೀತಿದೆ, ಯಾಕಂದ್ರೆ ಸಾಫ್ಟ್‌ವೇರ್ ಇವತ್ತಿನ ದಿನಾಂಕ ಮಾತ್ರ ನೋಡಲ್ಲ, ಮುಂದಿನ ದಿನಾಂಕಾನೂ ಲೆಕ್ಕ ಹಾಕತ್ತೆ. 2018ರ ಜನವರಿ ಆದ್ಮೇಲೆ 20 ವರ್ಷಕ್ಕೆ ಹೋಮ್ ಲೋನ್ ತಗೊಂಡ ಪ್ರತಿಯೊಬ್ಬರ ಕೊನೇ ಇಎಂಐ ಈ ಗೆರೆ ಆಚೆ ಇದೆ. 2022ರ ಏಪ್ರಿಲ್‌ನಿಂದ ಈಚೆಗೆ ತೆಗೆದ ಪಿಪಿಎಫ್ ಅಕೌಂಟ್ ಮೆಚ್ಯೂರ್ ಆಗೋದು 2038ರ ಮಾರ್ಚ್ ಮುಗಿದ್ಮೇಲೇ. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ 2017ರ ಫೆಬ್ರವರಿ ಆದ್ಮೇಲೆ ತೆಗೆದಿದ್ರೆ ಅದರ 21 ವರ್ಷಾನೂ ಗೆರೆ ಆಚೆ. ಇಂಥ ದೊಡ್ಡ ವ್ಯವಸ್ಥೆಗಳು ದಿನಾಂಕಾನ ಬೇರೆ ರೀತಿ ಇಟ್ಕೊಂಡಿರೋದ್ರಿಂದ ನಡ್ಕೊಂಡು ಹೋಗ್ತಿದೆ, ಆದ್ರೆ ಅದೇ ಡೇಟಾ ತಗೊಂಡು ರಿಪೋರ್ಟ್ ಮಾಡೋ, ಎಸ್ಸೆಮ್ಮೆಸ್ ಕಳಿಸೋ, ಆ್ಯಪಲ್ಲಿ ತೋರಿಸೋ ಸಣ್ಣ ಸಣ್ಣ ಪ್ರೋಗ್ರಾಮ್‌ಗಳಲ್ಲಿ ಯಾರು ಯಾವ ಕಾಲಮ್ ಇಟ್ಟಿದ್ದಾರೋ ಅವರಿಗೇ ಗೊತ್ತು. ಮೈಎಸ್‌ಕ್ಯೂಎಲ್‌ನ ಟೈಮ್‌ಸ್ಟ್ಯಾಂಪ್ ಕಾಲಮ್ ಈಗ್ಲೂ ಅದೇ ಸೆಕೆಂಡ್‌ಗೆ ನಿಲ್ಲತ್ತೆ, ಡೇಟ್‌ಟೈಮ್ ಕಾಲಮ್‌ಗೆ ಆ ತೊಂದರೆ ಇಲ್ಲ. ಒಂದು ಹಳೇ ಉದಾಹರಣೆ ಇದೆ: 2006ರ ಮೇ 13ರಂದು ಎಓಎಲ್‌ಸರ್ವರ್ ಅನ್ನೋ ವೆಬ್ ಸರ್ವರ್ ಓಡ್ತಿದ್ದ ಕಡೆ ತೊಂದರೆ ಕಾಣಿಸ್ಕೊಂಡಿತು, ಯಾಕಂದ್ರೆ ಟೈಮೌಟ್ ಬೇಡ ಅನ್ನೋದಕ್ಕೆ ನೂರು ಕೋಟಿ ಸೆಕೆಂಡ್ ಅಂತ ಇಟ್ಟಿದ್ರು, ಅವತ್ತಿನ ಸಮಯಕ್ಕೆ ನೂರು ಕೋಟಿ ಕೂಡಿಸಿದ್ರೆ ನಮ್ಮ ಸಂಖ್ಯೆ ದಾಟ್ತು. 32 ವರ್ಷ ಮುಂಚೇನೇ! ಇನ್ನೂ ಸೂಕ್ಷ್ಮವಾದದ್ದು ಎರಡು ಸಮಯದ ಮಧ್ಯಬಿಂದು ಕಂಡುಹಿಡಿಯೋ ಕೋಡ್, ಎರಡನ್ನೂ ಕೂಡಿ 2ರಿಂದ ಭಾಗಿಸ್ತಾರಲ್ಲ, 2004ರ ಜನವರಿ 10ರಿಂದ ಆಚೆಗಿನ ಸಮಯಗಳಿಗೆ ಆ ಕೂಡಿದ ಮೊತ್ತ 32 ಬಿಟ್‌ನಲ್ಲಿ ಹಿಡಿಯಲ್ಲ, ಅವತ್ತು ಸೆಕೆಂಡ್ ಲೆಕ್ಕ 2³⁰ ದಾಟ್ತು.

ವೈಟುಕೆ, ಅಂದ್ರೆ 2000ನೇ ಇಸವಿ ಬಂದಾಗಿನ ಕಂಪ್ಯೂಟರ್ ದಿನಾಂಕದ ತೊಂದರೆ, ಅದ್ರ ಜೊತೆ ಹೋಲಿಸಿ, ಅವಾಗೇನೂ ಆಗ್ಲಿಲ್ಲ ಈಗ್ಲೂ ಏನಾಗಲ್ಲ ಅನ್ನೋ ಮಾತು ಕೇಳ್ತಾ ಇರ್ತೀನಿ. ಅವಾಗ ಏನೂ ಆಗದೇ ಇದ್ದಿದ್ದು ಸಾವಿರಾರು ಜನ ವರ್ಷಗಟ್ಟಲೆ ಕೂತು ಸರಿ ಮಾಡಿದ್ರಿಂದ, ಅದ್ರಲ್ಲಿ ನಮ್ಮೂರಿನ ಇಂಜಿನಿಯರ್‌ಗಳೂ ಇದ್ರು, ಈ ಊರಿನ ಐಟಿ ಉದ್ಯಮ ಅಷ್ಟು ಬೆಳೆದಿದ್ದಕ್ಕೆ ಆ ಕೆಲಸಾನೂ ಒಂದು ಕಾರಣ. ಮತ್ತೆ ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸ ಇದೆ. ವೈಟುಕೆಯಲ್ಲಿ ವರ್ಷವನ್ನ ಎರಡಂಕಿಯಲ್ಲಿ ಬರೆದಿದ್ದು ಬಹಳಷ್ಟು ಕಡೆ ಕೋಡಲ್ಲೂ ಫೈಲಲ್ಲೂ ಕಣ್ಣಿಗೆ ಕಾಣ್ತಿತ್ತು, ಹುಡುಕ್ಬೋದಿತ್ತು. ಇಲ್ಲಿ ಸಮಯ ಅನ್ನೋದು ನಾಲ್ಕು ಬೈಟ್ ಆಗಿ ಫೈಲ್ ಫಾರ್ಮ್ಯಾಟಲ್ಲಿ, ನೆಟ್‌ವರ್ಕ್ ಪ್ಯಾಕೆಟ್ಟಲ್ಲಿ, ಮೆಷಿನ್ ಒಳಗಿನ ಚಿಪ್ಪಲ್ಲಿ ಅಡಗಿ ಕೂತಿದೆ, ನೋಡಿದ್ರೆ ಇದು ಸಮಯ ಅಂತಾನೇ ಗೊತ್ತಾಗಲ್ಲ.

ನ್ಯಾಯವಾಗಿ ಹೇಳ್ಬೇಕಂದ್ರೆ ದೊಡ್ಡ ಕೆಲಸ ಬಹಳಷ್ಟು ಆಗಿದೆ. ಇವತ್ತಿನ ಲ್ಯಾಪ್‌ಟಾಪ್, ಸರ್ವರ್, ಹೊಸ ಸ್ಮಾರ್ಟ್‌ಫೋನ್ ಹೆಚ್ಚುಕಮ್ಮಿ ಎಲ್ಲಾ 64 ಬಿಟ್, ಅಲ್ಲಿ ಸಿಸ್ಟಮ್‌ನ ಸ್ವಂತ ಸಮಯಕ್ಕೆ ತೊಂದರೆ ಇಲ್ಲ. 32 ಬಿಟ್ ಚಿಪ್ಪುಗಳಿಗೂ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ 5.6 ಆವೃತ್ತಿ 2020ರಲ್ಲಿ, ಅದರ ಜೊತೆ ಬಳಸೋ ಗ್ಲಿಬ್‌ಸಿ 2.34 ಲೈಬ್ರರಿ 2021ರಲ್ಲಿ 64 ಬಿಟ್ ಸಮಯ ತಂದ್ವು, 2025ರಲ್ಲಿ ಬಂದ, ಲಿನಕ್ಸ್‌ನದೇ ಒಂದು ರೂಪವಾದ ಡೆಬಿಯನ್ 13 ಹಳೇ ಪಿಸಿಗಳ ಐ386 ಬಿಟ್ಟು ಉಳಿದ 32 ಬಿಟ್ ಆವೃತ್ತಿಗಳನ್ನ ಪೂರ್ತಿ ಬದಲಾಯಿಸ್ತು. ಚಿಂತೆ ಇರೋದು ಅಪ್‌ಡೇಟ್ ಆಗದೇ ಇರೋ ಸಾಮಾನಿನ ಬಗ್ಗೆ. ಪೀಣ್ಯದಲ್ಲಿ ಹತ್ತಿಪ್ಪತ್ತು ವರ್ಷ ಹಳೇ ಮೆಷಿನ್ ಇಟ್ಕೊಂಡು ಕೆಲಸ ಮಾಡೋ ಸಣ್ಣ ವರ್ಕ್‌ಶಾಪ್‌ಗಳು, ಅಪಾರ್ಟ್‌ಮೆಂಟ್‌ನ ಸಿಸಿಟಿವಿ ರೆಕಾರ್ಡರ್, ಬೆರಳೊತ್ತಿ ಹಾಜರಿ ಹಾಕೋ ಡಬ್ಬ, ಗೇಟ್ ಕಾರ್ಡ್ ರೀಡರ್, ಲ್ಯಾಬ್‌ನ ಉಪಕರಣ. ಇವುಗಳಲ್ಲಿ ಯಾವುದ್ರಲ್ಲಿ ಯಾವ ರೀತಿ ಸಮಯ ಇದೆ ಅಂತ ಮಾರಿದ ಏಜೆನ್ಸಿಗೂ ಗೊತ್ತಿರಲ್ಲ, ತಯಾರು ಮಾಡಿದ ಕಂಪನಿ ಇದ್ರೆ ಇತ್ತು ಇಲ್ದಿದ್ರೆ ಇಲ್ಲ. ಮತ್ತೆ ಇದಕ್ಕಿಂತ ಮುಂಚೆ ಇನ್ನೊಂದು ಗೆರೆ ಇದೆ, ನೆಟ್‌ವರ್ಕಲ್ಲಿ ಗಡಿಯಾರ ಸರಿಹೊಂದಿಸೋ ಎನ್‌ಟಿಪಿ 1900ರಿಂದ ಸೆಕೆಂಡ್ ಎಣಿಸತ್ತೆ, ಮೈನಸ್ ಇಲ್ಲದೇ 32 ಬಿಟ್ ಪೂರ್ತಿ, ಅದು 2036ರ ಫೆಬ್ರವರಿ 7ಕ್ಕೆ ತುಂಬತ್ತೆ. ಗಡಿಯಾರದ ವಿಷಯದಲ್ಲಿ ಮೊದಲ ಪರೀಕ್ಷೆ ಅವತ್ತೇ.

ಸಮಯ ಬಿಟ್ಟು ಬರೀ ಎಣಿಕೆ ತಗೊಂಡ್ರೆ ಮಿತಿ ಇನ್ನೂ ಹತ್ತಿರ. 2014ರ ಡಿಸೆಂಬರಲ್ಲಿ ಒಂದು ಕೊರಿಯನ್ ಹಾಡಿನ ವಿಡಿಯೋ ನೋಡಿದ ಸಂಖ್ಯೆ 214 ಕೋಟಿ ದಾಟಿದಾಗ, ಇಷ್ಟು ಜನ ನೋಡ್ತಾರೆ ಅನ್ಕೊಂಡಿರ್ಲಿಲ್ಲ, ಕೌಂಟರ್ 64 ಬಿಟ್‌ಗೆ ಬದಲಾಯಿಸಿದ್ವಿ ಅಂತ ಯೂಟ್ಯೂಬ್ ಹೇಳ್ಕೊಂಡಿತು. 2017ರಲ್ಲಿ ಚೆಸ್ ಡಾಟ್ ಕಾಮ್‌ನ ಆಟಗಳ ನಂಬರ್ ಈ ಸಂಖ್ಯೆ ದಾಟಿದಾಗ ಹಳೇ 32 ಬಿಟ್ ಐಪ್ಯಾಡ್‌ಗಳಲ್ಲಿ ಆಟ ತೆರೀಲಿಲ್ಲ. 2018ರ ನವೆಂಬರಲ್ಲಿ ಬೇಸ್‌ಕ್ಯಾಂಪ್ ಅನ್ನೋ ಆಫೀಸ್ ಕೆಲಸದ ಆನ್‌ಲೈನ್ ಸಾಫ್ಟ್‌ವೇರ್‌ನ ಒಂದು ಟೇಬಲ್‌ನ ಐಡಿ ಮುಗಿದು ಗಂಟೆಗಟ್ಟಲೆ ಏನೂ ಹೊಸದಾಗಿ ಬರೆಯೋಕೆ ಆಗ್ಲಿಲ್ಲ. ಅವಾಗ ಪ್ರಪಂಚದಲ್ಲಿ ಬೆರಳೆಣಿಕೆ ಕಡೆ ಆಗ್ತಿದ್ದದ್ದು ಈಗ ನಮ್ಮ ದೇಶದ ಲೆಕ್ಕಕ್ಕೆ ಮಾಮೂಲು. 2025ರ ಆಗಸ್ಟ್‌ನಲ್ಲಿ ಯುಪಿಐ ತಿಂಗಳಿಗೆ 2000 ಕೋಟಿ ವ್ಯವಹಾರ ದಾಟ್ತು, ದಿನಕ್ಕೆ ಸುಮಾರು 64 ಕೋಟಿ ಆಯ್ತು, ಅಂದ್ರೆ ಒಂದೊಂದಕ್ಕೂ ಒಂದೊಂದು ನಂಬರ್ ಕೊಡ್ತಾ ಹೋದ್ರೆ ಮೂರೂವರೆ ದಿನದೊಳಗೆ 2147483647 ಮುಗಿದು ಹೋಗತ್ತೆ. ಅಷ್ಟು ದೊಡ್ಡ ವ್ಯವಸ್ಥೆ ಕಟ್ಟೋರು ಇದನ್ನ ಮೊದಲೇ ಯೋಚಿಸಿರ್ತಾರೆ. ಅದರ ಒಂದು ಚೂರು ಟ್ರಾಫಿಕ್ ಬರೋ ಸ್ಟಾರ್ಟಪ್‌ಗಳು ಯೋಚಿಸಿರಲ್ಲ, ಮೊದಲ ದಿನ ಯಾವುದೋ ಫ್ರೇಮ್‌ವರ್ಕ್ ಕೊಟ್ಟ ಡೀಫಾಲ್ಟ್ ಇಂಟಿಜರ್ ಐಡಿ ಹಾಗೇ ಇರತ್ತೆ, ಲಾಗ್ ಟೇಬಲ್, ನೋಟಿಫಿಕೇಶನ್ ಟೇಬಲ್, ಲೊಕೇಶನ್ ಟೇಬಲ್ ಇವೇ ಮೊದಲು ತುಂಬೋದು.

64 ಬಿಟ್‌ಗೆ ಹೋದ್ರೆ ಮಿತಿ 9223372036854775807, ಸೆಕೆಂಡ್ ಲೆಕ್ಕದಲ್ಲಿ 29 ಸಾವಿರ ಕೋಟಿ ವರ್ಷಕ್ಕೂ ಹೆಚ್ಚು. ಅದು 2⁶³ − 1, ಅವಿಭಾಜ್ಯ ಅಲ್ಲ, 63 ಮೂರರಿಂದಾನೂ ಏಳರಿಂದಾನೂ ಭಾಗ ಹೋಗೋದ್ರಿಂದ ಇದೂ 7ರಿಂದ, 127ರಿಂದ ಸಲೀಸಾಗಿ ಭಾಗ ಹೋಗತ್ತೆ. ಇನ್ನು ಕೆಲವರು ಮೈನಸ್ ಬಿಟ್ಟು 32 ಬಿಟ್ಟೂ ಬಳಸಿ 2106ರ ತನಕ ತಳ್ಳೋಣ ಅಂತಾರೆ, ಬದಲಾಯಿಸೋಕೇ ಆಗದ ಫೈಲ್ ಫಾರ್ಮ್ಯಾಟ್ ಇದ್ರೆ ಸರಿ, ಹೊಸದಾಗಿ ಬರೆಯೋ ಕೋಡಲ್ಲಿ ಹಾಗೆ ಮಾಡೋದು ಒಪ್ಪೋ ಮಾತಲ್ಲ.

ಕೆಲಸ ಶುರು ಮಾಡೋರಿಗೆ ನನ್ನ ಸಲಹೆ ಇಷ್ಟು. ಡೇಟಾಬೇಸ್‌ನಲ್ಲಿ ಪ್ರತಿ ಇಂಟಿಜರ್ ಐಡಿಯ ಈಗಿನ ಗರಿಷ್ಠ ಎಷ್ಟು ಅಂತ ತೆಗೀರಿ, 107 ಕೋಟಿ (ಮಿತಿಯ ಅರ್ಧ) ದಾಟಿರೋದಕ್ಕೆ ಈ ವರ್ಷಾನೇ ಕಾಲಮ್ ಬದಲಾಯಿಸಿ, ತುಂಬಿದ ಟೇಬಲ್‌ನ ಕಾಲಮ್ ಬದಲಾಯಿಸೋಕೆ ಗಂಟೆಗಟ್ಟಲೆ ಹಿಡಿಯತ್ತೆ, ನಿಂತ್ಮೇಲೆ ಮಾಡೋಕೆ ಹೋದ್ರೆ ಅಷ್ಟೂ ಹೊತ್ತು ಎಲ್ಲಾ ನಿಂತಿರತ್ತೆ. ಫೋನ್ ನಂಬರ್ ಅಕ್ಷರವಾಗಿ ಇಡಿ, ಅದನ್ನ ಯಾರೂ ಕೂಡಲ್ಲ ಗುಣಿಸಲ್ಲ. ಪೈಸೆ ಮೊತ್ತಕ್ಕೆ 64 ಬಿಟ್. ಅಸೋಸಿಯೇಶನ್ ಕಮಿಟಿಯೋರು ಹೊಸ ಸಿಸಿಟಿವಿ, ಗೇಟ್ ಸಿಸ್ಟಮ್ ತಗೊಳ್ಳೋವಾಗ 2038 ಆದ್ಮೇಲಿನ ದಿನಾಂಕ ಹಾಕಿ ತೋರಿಸಿ ಅಂತ ಡೆಮೋ ದಿನಾನೇ ಕೇಳಿ, ಎರಡು ನಿಮಿಷದ ಕೆಲಸ. ಸ್ವಂತ ಸಿಸ್ಟಮ್ ಪರೀಕ್ಷೆ ಮಾಡೋರು ಓಡ್ತಿರೋ ಸರ್ವರ್‌ನ ಗಡಿಯಾರ ಮುಟ್ಬೇಡಿ, ಸರ್ಟಿಫಿಕೇಟು ಲೈಸೆನ್ಸು ಎಲ್ಲಾ ಎಕ್ಸ್‌ಪೈರ್ ಆಗಿ ಬೇರೇ ರಾದ್ಧಾಂತ ಆಗತ್ತೆ, ನೆಟ್‌ವರ್ಕ್ ಇಲ್ಲದ ಒಂದು ಕಾಪಿ ಮೆಷಿನ್‌ನಲ್ಲಿ 2038ರ ಜನವರಿ 19, ಬೆಳಗ್ಗೆ 8:40 ಅಂತ ಇಟ್ಟು ಐದು ನಿಮಿಷ ಓಡಿಸಿ, ಆಮೇಲೆ ಒಂದು ಸಲ ಆಫ್ ಮಾಡಿ ಆನ್ ಮಾಡಿ, ಎಷ್ಟೋ ಸಾಧನಗಳು ಗೆರೆ ದಾಟಿದ್ಮೇಲೂ ಓಡ್ತಿರತ್ತೆ, ಮತ್ತೆ ಆನ್ ಮಾಡಿದಾಗ್ಲೇ ಏಳಲ್ಲ.